ನೀರು ಕಾಯಿಸಲು ತಡಮಾಡಿದ ಗೀಸರ್: ತೋಟದ ಮನೆಯೊಂದರ ಪ್ರಕರಣ ಅಧ್ಯಯನ

ಮಲೆನಾಡಿನ ಒಂದು ಅಡಿಕೆ ತೋಟದ ಮನೆಯಲ್ಲಿ ಬಚ್ಚಲ ಒಲೆಗೆ ಕಟ್ಟಿಗೆ ಹೊಂದಿಸುವುದು ವರ್ಷದಿಂದ ವರ್ಷಕ್ಕೆ ಕಷ್ಟವಾಗುತ್ತ ಬಂದಾಗ, ಹಂಡೆಯ ಪಕ್ಕದ ಗೋಡೆಗೆ 25 ಲೀಟರಿನ ಗೀಸರ್ ಒಂದನ್ನು ಕೂರಿಸಿದರು. ಅದರ ಫಲಕದ ಮೇಲೆ 230 ವೋಲ್ಟ್, 2000 ವ್ಯಾಟ್ ಎಂದು ಬರೆದಿದೆ. ಮೊದಲ ಚಳಿಗಾಲದಲ್ಲಿ ನಲವತ್ತು ನಿಮಿಷದೊಳಗೆ ಕೆಂಪು ದೀಪ ಆರಿ ನೀರು ಸಿದ್ಧವಾಗುತ್ತಿತ್ತು. ಎರಡನೆಯ ಚಳಿಗಾಲದ ಜನವರಿಯಲ್ಲಿ ಅದೇ ನೀರಿಗೆ ಮುಕ್ಕಾಲು ಗಂಟೆ ಮೀರಿ ಕಾಯಬೇಕಾಯಿತು. ಮನೆಯವರು ನನ್ನ ಹತ್ತಿರದ ಬಂಧುಗಳಾದ್ದರಿಂದಲೂ, ಪಾಲಿಟೆಕ್ನಿಕ್ಕಿನಲ್ಲಿ ಬಹಳ ಕಾಲ ವಿದ್ಯುತ್ತಿನ ಪಾಠ ಹೇಳಿದವನೆಂಬ ಹೆಸರು ನನಗೆ ಇನ್ನೂ ಅಂಟಿಕೊಂಡಿರುವುದರಿಂದಲೂ, ದೂರು ನನ್ನ ತನಕ ಬಂತು. ಬರುವ ಮೊದಲೇ ಅದು ಒಂದು ಸುತ್ತು ತಿರುಗಿ ಬಂದಿತ್ತು: ಊರಿನ ಒಬ್ಬ ರಿಪೇರಿಯವರು ಕಾಯಿಲ್ ಹೋಗಿದೆ ಎಂದು ಹೇಳಿ, ಹಳೆಯದನ್ನು ತೆಗೆದು ಹೊಸದನ್ನು ಹಾಕಿದ್ದರು. ನೀರು ಮಾತ್ರ ಮೊದಲಿನಷ್ಟೇ ನಿಧಾನವಾಗಿ ಕಾಯುತ್ತಿತ್ತು.

ನಾನು ಹೋದ ದಿನ ಮನೆಯವರು ಹೇಳಿದ ಇನ್ನೆರಡು ಸಂಗತಿಗಳು ಆ ದೂರಿಗಿಂತ ಮುಖ್ಯವಾಗಿ ಕಂಡವು. ಗೀಸರಿನ ಸ್ವಿಚ್ ಹಾಕಿದ ಕ್ಷಣವೇ ದೇವರ ಮನೆಯಲ್ಲಿದ್ದ ಹಳೆಯ ತಂತಿ ಬಲ್ಬಿನ ಬೆಳಕು ಕುಗ್ಗುತ್ತಿತ್ತು. ಗೀಸರಿನ ಪ್ಲಗ್ಗನ್ನು ಕಿತ್ತು ನೋಡಿದಾಗ ಅದರ ಒಂದು ಪಿನ್ನಿನ ಬುಡ ಕಂದು ಬಣ್ಣಕ್ಕೆ ತಿರುಗಿತ್ತು. ಕಾಯಿಲ್ ಮಾತ್ರ ಕೆಟ್ಟಿದ್ದರೆ ದೇವರ ಮನೆಯ ದೀಪ ಅದಕ್ಕಾಗಿ ಮಂಕಾಗಬೇಕಾದ ಕಾರಣವಿರಲಿಲ್ಲ.

ಎರಡು ತಪ್ಪು ಲೆಕ್ಕಗಳು

ರಿಪೇರಿಯವರು ಮನೆಗೆ ಬರುವ ವೋಲ್ಟೇಜ್ ಕಡಿಮೆಯಿದೆ ಎಂಬುದನ್ನು ಗಮನಿಸಿದ್ದರು. ಮೀಟರಿನ ಬಳಿ 209 ವೋಲ್ಟ್ ಎಂದು ಅವರು ಅಳೆದದ್ದು ಸರಿಯೇ ಆಗಿತ್ತು. ಅಲ್ಲಿಂದ ಅವರು ಹೊರಟ ದಾರಿ ಹೀಗಿತ್ತು: ವೋಲ್ಟೇಜನ್ನು ಪ್ರವಾಹದಿಂದ ಗುಣಿಸಿದರೆ ವ್ಯಾಟ್ ಬರುತ್ತದೆ, ಗೀಸರ್ 2000 ವ್ಯಾಟಿನದು, ಆದ್ದರಿಂದ 2000ವನ್ನು 209ರಿಂದ ಭಾಗಿಸಿದರೆ 9.57 ಆಂಪಿಯರ್, ಅಂದರೆ ವೋಲ್ಟೇಜ್ ಇಳಿದಂತೆ ಕರೆಂಟ್ ಏರುತ್ತದೆ, ಏರಿದ ಕರೆಂಟಿನಿಂದ ಪ್ಲಗ್ ಸುಟ್ಟಿದೆ. ಈ ಮಾತನ್ನು ನಮ್ಮ ಹಳ್ಳಿಗಳಲ್ಲಿ ಯಾರ ಬಾಯಲ್ಲಾದರೂ ಕೇಳಬಹುದು. ಅದು ಹುಟ್ಟಿದ್ದು ಪಂಪ್‌ಸೆಟ್ಟಿನ ಅನುಭವದಿಂದ, ಮತ್ತು ಪಂಪ್‌ಸೆಟ್ಟಿನ ಮಟ್ಟಿಗೆ ಅದು ಸುಳ್ಳೂ ಅಲ್ಲ. ನೀರೆತ್ತುವ ಇಂಡಕ್ಷನ್ ಮೋಟಾರಿಗೆ ಅದರ ಮೇಲಿನ ಹೊರೆ ಬಹುಮಟ್ಟಿಗೆ ಒಂದೇ ಸಮ ಇರುತ್ತದೆ. ವೋಲ್ಟೇಜ್ ಇಳಿದರೂ ಅಷ್ಟೇ ಕೆಲಸ ಮಾಡಬೇಕಾದ್ದರಿಂದ ಅದು ಹೆಚ್ಚು ಪ್ರವಾಹವನ್ನು ಎಳೆಯುತ್ತದೆ, ಸುರುಳಿ ಬಿಸಿಯಾಗುತ್ತದೆ, ಕೊನೆಗೆ ಸುಡುತ್ತದೆ. ಆದರೆ ಗೀಸರಿನೊಳಗೆ ಇರುವುದು ಮೋಟಾರ್ ಅಲ್ಲ, ಒಂದು ತಂತಿ. ಇಷ್ಟು ಕೆಲಸ ಮಾಡಲೇಬೇಕೆಂಬ ಕಟ್ಟುಪಾಡು ಅದಕ್ಕಿಲ್ಲ. ಅದರಲ್ಲಿ ಬದಲಾಗದೆ ಉಳಿಯುವುದು ಅದರ ರೋಧ, ಅಂದರೆ ಪ್ರವಾಹಕ್ಕೆ ಅದು ಒಡ್ಡುವ ತಡೆ, ಮಾತ್ರ. ವೋಲ್ಟೇಜನ್ನು ರೋಧದಿಂದ ಭಾಗಿಸಿದಷ್ಟೇ ಪ್ರವಾಹ ಅದರಲ್ಲಿ ಹರಿಯುತ್ತದೆ.

ಮನೆಯ ಹುಡುಗ, ಪಿಯುಸಿ ಓದುತ್ತಿರುವವನು, ಬೇರೊಂದು ಲೆಕ್ಕವನ್ನು ಮಾಡಿಟ್ಟುಕೊಂಡಿದ್ದ. 230ಕ್ಕೆ 2000 ಆದರೆ 209ಕ್ಕೆ ಎಷ್ಟು ಎಂಬ ತ್ರೈರಾಶಿಯಿಂದ ಅವನಿಗೆ ಸುಮಾರು 1817 ವ್ಯಾಟ್ ಬಂದಿತ್ತು. ಇದು ಮೊದಲಿನದಕ್ಕಿಂತ ಸತ್ಯಕ್ಕೆ ಹತ್ತಿರವಾದರೂ ಸರಿಯಾದ ಲೆಕ್ಕವಲ್ಲ. ವೋಲ್ಟೇಜ್ ಇಳಿದಾಗ ಅದರ ಜೊತೆಗೆ ಪ್ರವಾಹವೂ ಅದೇ ಪ್ರಮಾಣದಲ್ಲಿ ಇಳಿಯುವುದರಿಂದ, ಅವೆರಡರ ಗುಣಲಬ್ಧವಾದ ಸಾಮರ್ಥ್ಯ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 209 ವೋಲ್ಟ್ ಗೀಸರಿನ ತುದಿಗಳವರೆಗೂ ಹಾಗೆಯೇ ತಲುಪುತ್ತಿದ್ದರೆ ಸಾಮರ್ಥ್ಯ ಸುಮಾರು 1651 ವ್ಯಾಟ್ ಇರುತ್ತಿತ್ತು. ಅದು ಅಷ್ಟಾಗಿಯೂ ತಲುಪುತ್ತಿರಲಿಲ್ಲ ಎಂಬುದು ಮುಂದೆ ತಿಳಿಯಿತು.

ಫಲಕದ ಮೇಲಿನ 2000 ವ್ಯಾಟ್ ಎಂಬುದು 230 ವೋಲ್ಟ್ ದೊರೆತರೆ ಎಂಬ ಷರತ್ತಿನೊಡನೆ ಹೇಳಿದ ಮಾತು. ಆ ಎರಡು ಅಂಕಿಗಳಿಂದ ನಿಜವಾಗಿ ತಿಳಿಯುವುದು ರೋಧ: 230ರ ವರ್ಗವಾದ 52,900ವನ್ನು 2000ದಿಂದ ಭಾಗಿಸಿದರೆ 26.45 ಓಮ್. ಪ್ಲಗ್ ಕಿತ್ತು, ನೀರು ತಣ್ಣಗಿರುವಾಗ, ಮಲ್ಟಿಮೀಟರನ್ನು ಓಮ್ ಸ್ಥಾನಕ್ಕೆ ತಿರುಗಿಸಿ ಹೊಸ ಕಾಯಿಲನ್ನು ಅಳೆದೆವು. ಮೀಟರ್ 26.7 ಓಮ್ ತೋರಿಸಿತು. ಅದರ ಎರಡು ಕಡ್ಡಿಗಳನ್ನು ಒಂದಕ್ಕೊಂದು ಮುಟ್ಟಿಸಿದಾಗ 0.3 ತೋರಿಸುತ್ತಿದ್ದುದರಿಂದ ಅಷ್ಟನ್ನು ಕಳೆದು 26.4 ಓಮ್ ಎಂದು ಬರೆದುಕೊಂಡೆ. ಆಮೇಲೆ, ಕೊಟ್ಟಿಗೆಯ ಅಟ್ಟದ ಮೇಲೆ ಎಸೆದಿದ್ದ ಹಳೆಯ ಕಾಯಿಲನ್ನು ತರಿಸಿ ಅಳೆದರೆ, ಅದರಲ್ಲೂ ಕಡ್ಡಿಗಳ ಪಾಲನ್ನು ಕಳೆದು ಬಂದದ್ದು 26.6 ಓಮ್. ಯಾವ ದೋಷವೂ ಇಲ್ಲದ ಕಾಯಿಲನ್ನು ಕಿತ್ತು ಎಸೆದಿದ್ದರು. ಎರಡು ನಿಮಿಷದ ಅಳತೆಯಿಂದ ಉಳಿಯಬಹುದಾಗಿದ್ದ ಖರ್ಚು ಅದು.

ತಣ್ಣಗಿರುವಾಗ ಅಳೆದ ರೋಧವನ್ನು ಬಿಸಿಯಾದಾಗಿನ ಲೆಕ್ಕಕ್ಕೆ ಬಳಸಬಹುದೇ ಎಂದು ಹುಡುಗ ಕೇಳಿದ. ಪ್ರಶ್ನೆ ಸರಿಯಾದದ್ದೇ. ದೇವರ ಮನೆಯ 60 ವ್ಯಾಟಿನ ಬಲ್ಬಿಗೆ ಹಾಗೆ ಮಾಡುವಂತಿಲ್ಲ. ಉರಿಯುವಾಗ ಸುಮಾರು 880 ಓಮ್ ಇರುವ ಅದರ ಟಂಗ್‌ಸ್ಟನ್ ತಂತಿಯ ರೋಧ, ತಣ್ಣಗಿರುವಾಗ ಅದರ ಹತ್ತನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಗೀಸರಿನ ಕಾಯಿಲ್ ನಿಕ್ರೋಮ್ ಎಂಬ ಮಿಶ್ರಲೋಹದ್ದು. ಬಿಸಿಯಾದರೂ ಅದರ ರೋಧ ಹೆಚ್ಚೇನೂ ಬದಲಾಗುವುದಿಲ್ಲ. ಆ ಗುಣಕ್ಕಾಗಿಯೂ ಅದನ್ನು ಈ ಕೆಲಸಕ್ಕೆ ಆರಿಸಿರುವುದು.

ಅಳತೆ

ಮರುದಿನ ಬೆಳಗಿನ ಆರೂವರೆಗೆ, ಸುತ್ತಲಿನ ಮನೆಗಳ ಗೀಸರುಗಳೂ ಉರಿಯುವ ಹೊತ್ತಿನಲ್ಲಿ, ಪರವಾನಗಿ ಇರುವ ಒಬ್ಬ ಎಲೆಕ್ಟ್ರಿಷಿಯನ್ ಜೊತೆಗಿದ್ದು ಅಳತೆ ಮಾಡಿದರು, ನಾನು ಬರೆದುಕೊಂಡೆ. ಜೀವಂತ ತಂತಿಯ ಮೇಲೆ ಮಾಡುವ ಅಳತೆ ಇದಾದ್ದರಿಂದ, ಕುತೂಹಲಕ್ಕೆಂದು ಮನೆಯವರು ತಾವೇ ಮಾಡುವ ಕೆಲಸವಲ್ಲ. ಓಮ್ ಸ್ಥಾನದಲ್ಲಿರುವ ಮೀಟರನ್ನು ಮರೆತು ಕೂಡ ಕರೆಂಟ್ ಇರುವ ತಂತಿಗೆ ಮುಟ್ಟಿಸಬಾರದು; ಮೀಟರ್ ಸುಡುವುದು ಅದರಿಂದ ಆಗಬಹುದಾದ ಅನಾಹುತಗಳಲ್ಲಿ ಚಿಕ್ಕದು.

ಮನೆಯ ವಿದ್ಯುತ್ ಮೀಟರ್ ತೋಟದ ಆಚೆ, ರಸ್ತೆಯ ಬದಿಯ ಕಂಬದ ಬಳಿ ಇದೆ. ಅಲ್ಲಿಂದ ಮನೆಯವರೆಗೆ ಅಡಿಕೆ ಮರಗಳ ನಡುವೆ 90 ಮೀಟರ್ ದೂರ 4 ಚದರ ಮಿಲಿಮೀಟರಿನ ಅಲ್ಯೂಮಿನಿಯಂ ತಂತಿ ಬಂದಿದೆ. ಮನೆಯ ಸೂರಿನ ಕೆಳಗೆ ಒಂದು ಮರದ ಪೆಟ್ಟಿಗೆಯಲ್ಲಿ ಅದು ತಾಮ್ರದ ತಂತಿಗೆ ಜೋಡಣೆಯಾಗಿ, ಅಲ್ಲಿಂದ ಒಳಗಿನ ಬೋರ್ಡಿಗೆ ಹೋಗುತ್ತದೆ. ಬೋರ್ಡಿನಿಂದ ಬಚ್ಚಲಿನವರೆಗೆ 12 ಮೀಟರ್ ದೂರ 2.5 ಚದರ ಮಿಲಿಮೀಟರಿನ ತಾಮ್ರದ ತಂತಿ.

ಮನೆಯ ಬೇರೆಲ್ಲ ಸ್ವಿಚ್ಚುಗಳನ್ನು ಆರಿಸಿ ಮೊದಲು ಗೀಸರ್ ಇಲ್ಲದೆ ಅಳೆದೆವು. ಎಲ್ಲಿ ಅಳೆದರೂ 214 ವೋಲ್ಟ್. ಇದರಲ್ಲಿ ಆಶ್ಚರ್ಯವಿಲ್ಲ, ಪ್ರವಾಹವೇ ಇಲ್ಲದಿದ್ದಾಗ ಯಾವ ರೋಧದ ಮೇಲೂ ವೋಲ್ಟೇಜ್ ಬೀಳುವುದಿಲ್ಲ, ಎಷ್ಟು ಕೆಟ್ಟ ಜೋಡಣೆಯೂ ಆಗ ಒಳ್ಳೆಯದರಂತೆಯೇ ಕಾಣುತ್ತದೆ. ಹೊರೆ ಇಲ್ಲದೆ ಪ್ಲಗ್ ಪಾಯಿಂಟಿನಲ್ಲಿ ವೋಲ್ಟೇಜ್ ನೋಡಿ ‘ಸಪ್ಲೈ ಸರಿಯಿದೆ’ ಎಂದು ಹೇಳಿ ಹೋಗುವ ಪರೀಕ್ಷೆಗೆ ಹೆಚ್ಚಿನ ಬೆಲೆ ಇಲ್ಲದಿರುವುದು ಇದರಿಂದಲೇ.

ಗೀಸರ್ ಹಾಕಿದ ಮೇಲೆ ಅಂಕಿಗಳು ಬೇರೆಬೇರೆಯಾದವು. ಮೀಟರಿನ ಬಳಿ 209 ವೋಲ್ಟ್. ಮನೆಯೊಳಗಿನ ಬೋರ್ಡಿನಲ್ಲಿ 192.6, ಬಚ್ಚಲಿನ ಸಾಕೆಟ್ಟಿನ ಹಿಂಬದಿಯ ತಿರುಪುಗಳಲ್ಲಿ 191.3, ಗೀಸರಿನೊಳಗೆ, ಕಾಯಿಲಿನ ತುದಿಗಳಲ್ಲಿ, 189.6 ವೋಲ್ಟ್. ತಂತಿಯನ್ನು ಸುತ್ತ ಹಿಡಿದು ಪ್ರವಾಹ ಅಳೆಯುವ ಕ್ಲ್ಯಾಂಪ್ ಮೀಟರಿನ ದವಡೆಯೊಳಗೆ ಫೇಸ್ ತಂತಿಯೊಂದನ್ನೇ ಹಿಡಿದಾಗ 7.18 ಆಂಪಿಯರ್ ತೋರಿಸಿತು. ಮೊದಲ ಸಲ ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಹಿಡಿದು ಸೊನ್ನೆ ಬಂದು, ಒಂದು ಗಳಿಗೆ ಎಲ್ಲರೂ ಮೀಟರಿನ ಮುಖ ನೋಡಿದ್ದೂ ಉಂಟು. ಹೋಗುವ ಪ್ರವಾಹ, ಬರುವ ಪ್ರವಾಹ ಎರಡೂ ದವಡೆಯೊಳಗೇ ಇದ್ದರೆ ಒಂದರ ಕಾಂತತೆಯನ್ನು ಇನ್ನೊಂದು ಅಳಿಸಿಹಾಕುತ್ತದೆ.

ಈ ಅಂಕಿಗಳು ಒಂದೇ ಓದಿನಲ್ಲಿ ಬಂದವಲ್ಲ. ಸರಬರಾಜಿನ ವೋಲ್ಟೇಜ್ ನಿಂತಲ್ಲಿ ನಿಲ್ಲದ ಕಾರಣ ಪ್ರತಿ ಜಾಗದಲ್ಲಿ ಐದೈದು ಸಲ ಅಳೆದು ಸರಾಸರಿ ತೆಗೆದುಕೊಂಡೆವು. ರಸ್ತೆಯ ಬದಿಗೂ ಮನೆಗೂ ಎರಡು ಬೇರೆ ಮಲ್ಟಿಮೀಟರುಗಳನ್ನು ಬಳಸಿ ಫೋನಿನಲ್ಲಿ ಮಾತನಾಡುತ್ತ ಒಂದೇ ಕ್ಷಣದಲ್ಲಿ ಓದಿಕೊಂಡೆವು. ಆ ಎರಡು ಮೀಟರುಗಳನ್ನು ಮೊದಲೇ ಒಂದೇ ಸಾಕೆಟ್ಟಿಗೆ ಹಿಡಿದು, ಒಂದು ಇನ್ನೊಂದಕ್ಕಿಂತ 1 ವೋಲ್ಟ್ ಹೆಚ್ಚು ತೋರಿಸುತ್ತಿದ್ದುದನ್ನು ಸರಿಪಡಿಸಿಕೊಂಡಿದ್ದೆವು. ನಿಲ್ಲದ ಸರಬರಾಜಿನ ಕಾಟ ಹೊಸದಲ್ಲ. ಜಾರ್ಜ್ ಸೈಮನ್ ಓಮ್ ಕೂಡ 1825ರಲ್ಲಿ ಬ್ಯಾಟರಿಯ ಅಸ್ಥಿರತೆಯಿಂದ ಬೇಸತ್ತು, ಆಮೇಲೆ ಬಿಸ್ಮತ್ ಮತ್ತು ತಾಮ್ರದ ಜೋಡಿಯ ಒಂದು ತುದಿಯನ್ನು ಕುದಿಯುವ ನೀರಿನಲ್ಲೂ ಇನ್ನೊಂದನ್ನು ಮಂಜುಗಡ್ಡೆಯಲ್ಲೂ ಇಟ್ಟು ಸ್ಥಿರವಾದ ವಿದ್ಯುತ್ತನ್ನು ಪಡೆದ ಮೇಲೆಯೇ, 1826ರಲ್ಲಿ ಅವನಿಗೆ ವೋಲ್ಟೇಜ್, ಪ್ರವಾಹ, ರೋಧಗಳನ್ನು ಬೆಸೆಯುವ ತನ್ನ ನಿಯಮ ಸ್ಪಷ್ಟವಾಗಿ ಕಂಡದ್ದು. ನಮಗೆ ಆ ಸೌಕರ್ಯವಿರಲಿಲ್ಲ, ಸರಾಸರಿಯೇ ಗತಿ.

ಈಗ ಲೆಕ್ಕ. 189.6ನ್ನು 7.18ರಿಂದ ಭಾಗಿಸಿದರೆ 26.4 ಓಮ್. ತಣ್ಣಗಿರುವಾಗ ಮಲ್ಟಿಮೀಟರ್ ಹೇಳಿದ ರೋಧವೂ, ಉರಿಯುವಾಗ ವೋಲ್ಟೇಜ್ ಮತ್ತು ಪ್ರವಾಹ ಸೇರಿ ಹೇಳಿದ ರೋಧವೂ ಒಂದೇ. ಕಾಯಿಲಿನ ಮೇಲಿನ ಆರೋಪ ಇಲ್ಲಿಗೆ ಮುಗಿಯಿತು. ಅವೇ ಎರಡನ್ನು ಗುಣಿಸಿದರೆ 1361 ವ್ಯಾಟ್. ಅಂದರೆ 2000 ವ್ಯಾಟಿನ ಗೀಸರ್ ತನ್ನ ಸಾಮರ್ಥ್ಯದ ಮೂರರಲ್ಲಿ ಎರಡು ಪಾಲಿನಲ್ಲಿ ದುಡಿಯುತ್ತಿತ್ತು. ಪ್ರವಾಹ 9.57 ಆಂಪಿಯರಿಗೆ ಏರಿರಲಿಲ್ಲ. ಪೂರ್ಣ ವೋಲ್ಟೇಜಿನಲ್ಲಿ ಇರಬೇಕಾದ 8.7 ಆಂಪಿಯರಿಗಿಂತ ಕೆಳಗಿತ್ತು. ಗೀಸರ್ ಬಿಸಿತಂತಿಯ ಉಪಕರಣವಾದ್ದರಿಂದ ವೋಲ್ಟೇಜನ್ನು ಪ್ರವಾಹದಿಂದ ಗುಣಿಸಿದರೆ ನೇರವಾಗಿ ವ್ಯಾಟ್ ಸಿಗುತ್ತದೆ. ಇದೇ ಜಾಗದಲ್ಲಿ ಮೋಟಾರ್ ಇದ್ದಿದ್ದರೆ ಪವರ್ ಫ್ಯಾಕ್ಟರ್ ಎಂಬ ಇನ್ನೊಂದು ಅಂಕಿ ಬೇಕಾಗುತ್ತಿತ್ತು.

ಲೆಕ್ಕವನ್ನು ಬೇರೊಂದು ಕಡೆಯಿಂದ ಪರೀಕ್ಷಿಸಲು ಎರಡು ದಾರಿಗಳಿದ್ದವು. ಮನೆಯ ವಿದ್ಯುತ್ ಮೀಟರಿನ ಮೇಲೆ ಒಂದು ಯೂನಿಟ್ಟಿಗೆ 3200 ಮಿನುಗು ಎಂದು ಬರೆದಿತ್ತು. ಮೀಟರಿನ ಬಳಿಯ 209 ವೋಲ್ಟನ್ನು 7.18ರಿಂದ ಗುಣಿಸಿದರೆ ಸುಮಾರು 1500 ವ್ಯಾಟ್. ಆ ವೇಗದಲ್ಲಿ ವಿದ್ಯುತ್ ಮೀಟರಿನ ಕೆಂಪು ದೀಪ ನಿಮಿಷಕ್ಕೆ 80 ಸಲ ಮಿನುಗಬೇಕು. ಹುಡುಗ ಗಡಿಯಾರ ಹಿಡಿದು ಎಣಿಸಿದ, 80 ಬಂತು. ಎರಡನೆಯ ಸಾಕ್ಷಿ ನೀರು. 25 ಲೀಟರ್ ನೀರನ್ನು 20 ಡಿಗ್ರಿಯಿಂದ 55 ಡಿಗ್ರಿ ಸೆಲ್ಸಿಯಸ್ಸಿಗೆ ಏರಿಸಲು ಸುಮಾರು 3663 ಕಿಲೋಜೂಲ್ ಬೇಕು. 2000 ವ್ಯಾಟಿನಲ್ಲಿ ಇದಕ್ಕೆ ಮೂವತ್ತು ನಿಮಿಷದ ಮೇಲೆ ಸ್ವಲ್ಪ. 1361 ವ್ಯಾಟಿನಲ್ಲಿ 45 ನಿಮಿಷ. ನಾವು ನೋಡಿದ್ದು 47 ನಿಮಿಷ, ಹೆಚ್ಚಿನ ಎರಡು ನಿಮಿಷ ತೊಟ್ಟಿಯಿಂದ ಹೊರಗೆ ಸೋರಿದ ಶಾಖದ್ದು. ವೋಲ್ಟ್‌ಮೀಟರ್, ಮಿನುಗುವ ದೀಪ, ನೀರು ಮೂರೂ ಒಂದೇ ಮಾತು ಹೇಳಿದ ಮೇಲೆ ಅಳತೆಯ ಬಗ್ಗೆ ಅನುಮಾನ ಉಳಿಯಲಿಲ್ಲ.

ಕಾಣೆಯಾದ ವೋಲ್ಟುಗಳು

ಮೀಟರಿನಿಂದ ಕಾಯಿಲಿನವರೆಗೆ 209ರಿಂದ 189.6ಕ್ಕೆ, ಅಂದರೆ 19.4 ವೋಲ್ಟ್ ದಾರಿಯಲ್ಲೇ ಉಳಿದಿತ್ತು. ಇದನ್ನು ಪ್ರವಾಹದಿಂದ ಗುಣಿಸಿದರೆ 139 ವ್ಯಾಟ್. ನೀರಿಗೆ ಹೋಗಬೇಕಾದ ಶಾಖದಲ್ಲಿ ಇಷ್ಟು ಮನೆಯ ತಂತಿಗಳ ಉದ್ದಕ್ಕೂ ಹರಡುತ್ತಿತ್ತು, ಮತ್ತು ಅದೆಲ್ಲವೂ ಮೀಟರಿನ ಈಚೆಗಿನದಾದ್ದರಿಂದ ಬಿಲ್ಲಿನಲ್ಲಿಯೂ ಸೇರುತ್ತಿತ್ತು. ಆದರೆ 139 ವ್ಯಾಟ್ ಎಂಬ ಒಟ್ಟು ಮೊತ್ತಕ್ಕಿಂತ, ಅದು ಎಲ್ಲೆಲ್ಲಿ ಎಷ್ಟೆಷ್ಟು ಎಂಬುದು ಮುಖ್ಯ. ತೊಂಬತ್ತು ಮೀಟರ್ ತಂತಿಯ ಮೇಲೆ ಹರಡಿದ 70 ವ್ಯಾಟ್ ಯಾರಿಗೂ ತಿಳಿಯದೆ ಗಾಳಿಗೆ ಹೋಗುತ್ತದೆ. ಅದೇ 70 ವ್ಯಾಟ್ ಒಂದು ಹೆಬ್ಬೆರಳಿನಷ್ಟು ಜಾಗದಲ್ಲಿ ಸೇರಿದರೆ ಬೆಂಕಿಯಾಗುತ್ತದೆ.

ಆದ್ದರಿಂದ ದಾರಿಯನ್ನು ತುಂಡು ತುಂಡಾಗಿ ನೋಡಿದೆವು. ಬೋರ್ಡಿನಿಂದ ಸಾಕೆಟ್ಟಿನವರೆಗಿನ ತಾಮ್ರದ ತಂತಿಯಲ್ಲಿ 1.3 ವೋಲ್ಟ್, ಅಂದರೆ 0.18 ಓಮ್, ಹೋಗಿಬರುವ 24 ಮೀಟರಿಗೆ ತಂತಿಯ ಪಟ್ಟಿಯ ಪ್ರಕಾರವೂ ಅಷ್ಟೇ ಬರಬೇಕು. ಸಾಕೆಟ್ಟಿನಿಂದ ಕಾಯಿಲಿನವರೆಗೆ 1.7 ವೋಲ್ಟ್, ಅಂದರೆ 0.24 ಓಮ್; ಇದರ ಬಹುಪಾಲು ಆ ಕಂದಾದ ಪಿನ್ನಿನಲ್ಲಿ. ಹನ್ನೆರಡು ವ್ಯಾಟ್ ಅಲ್ಲಿ ಮುಕ್ಕಾಲು ಗಂಟೆ ನಿಂತರೆ ಬೇಕಲೈಟ್ ಕಂದಾಗದೆ ಇರುವುದಿಲ್ಲ.

ಉಳಿದದ್ದು ಮೀಟರಿನಿಂದ ಬೋರ್ಡಿನವರೆಗಿನ 16.4 ವೋಲ್ಟ್. 7.18ರಿಂದ ಭಾಗಿಸಿದರೆ 2.28 ಓಮ್. 4 ಚದರ ಮಿಲಿಮೀಟರಿನ ಅಲ್ಯೂಮಿನಿಯಂ ತಂತಿಗೆ 20 ಡಿಗ್ರಿಯಲ್ಲಿ ಕಿಲೋಮೀಟರಿಗೆ 7.41 ಓಮ್ ಎಂಬುದು ನಮ್ಮ ಮಾನಕದ ಗರಿಷ್ಠ ಮಿತಿ. ಹೋಗಿಬರುವ 180 ಮೀಟರಿಗೆ ಅದು 1.33 ಓಮ್ ಆಗುತ್ತದೆ. ಅಲ್ಲಿ ಎಷ್ಟೇ ಉದಾರವಾಗಿ ಲೆಕ್ಕ ಹಾಕಿದರೂ ಸುಮಾರು 0.9 ಓಮ್ ತಂತಿಯದಲ್ಲ. ದಾರಿಯಲ್ಲಿ ಇದ್ದ ಜೋಡಣೆ ಒಂದೇ: ಸೂರಿನ ಕೆಳಗಿನ ಮರದ ಪೆಟ್ಟಿಗೆ.

ಲೆಕ್ಕ ಪೆಟ್ಟಿಗೆಯತ್ತ ಬೆರಳು ತೋರಿಸಿದ ಮೇಲೆಯೇ ಅದನ್ನು ತೆರೆದದ್ದು. ತೆರೆದೊಡನೆ ಸುಟ್ಟ ಟೇಪಿನ ವಾಸನೆ ಬಂತು. ಫೇಸ್ ಜೋಡಣೆಯ ಎರಡು ಬದಿಗೆ ಮೀಟರಿನ ಕಡ್ಡಿಗಳನ್ನು ಹಿಡಿದಾಗ ಬಂದದ್ದು ಲೆಕ್ಕಕ್ಕೆ ಸಿಗದಷ್ಟು ಕಡಿಮೆ. ನ್ಯೂಟ್ರಲ್ ಜೋಡಣೆಯ ಎರಡು ಬದಿಗೆ ಹಿಡಿದಾಗ 6.6 ವೋಲ್ಟ್. 0.92 ಓಮ್, 47 ವ್ಯಾಟ್. ಹಿಂದೆ ರೇಡಿಯೋ ರಿಪೇರಿಯ ಅಂಗಡಿಗಳಲ್ಲಿ ಸೀಸ ಕರಗಿಸಲು ಬಳಸುತ್ತಿದ್ದ ಸಾಲ್ಡರಿಂಗ್ ಕಡ್ಡಿ 25 ವ್ಯಾಟಿನದು. ಅದರ ಸುಮಾರು ಎರಡರಷ್ಟು ಶಾಖ ಪ್ರತಿದಿನ ಬೆಳಗ್ಗೆ ಒಣಮರದ ಪೆಟ್ಟಿಗೆಯೊಳಗೆ, ಅಡಿಕೆ ಸೋಗೆಯ ಮಾಡಿನ ಕೆಳಗೆ, ಮುಕ್ಕಾಲು ಗಂಟೆ ಉರಿಯುತ್ತಿತ್ತು. ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಿದಷ್ಟು ಶಾಖ ಹುಟ್ಟುತ್ತದೆಂದು ಜೇಮ್ಸ್ ಜೂಲ್ 1841ರಲ್ಲಿ ತೋರಿಸಿದ ನಿಯಮ ಕಾಯಿಲಿಗೂ ಜೋಡಣೆಗೂ ಭೇದ ಮಾಡುವುದಿಲ್ಲ. ನಾವು ಒಂದನ್ನು ಉಪಕರಣ ಎನ್ನುತ್ತೇವೆ, ಇನ್ನೊಂದನ್ನು ದೋಷ ಎನ್ನುತ್ತೇವೆ, ಅಷ್ಟೇ ವ್ಯತ್ಯಾಸ.

ದೋಷದ ಕಾರಣ ಕಣ್ಣಿಗೆ ಕಾಣುವಂತಿತ್ತು. ಅಲ್ಯೂಮಿನಿಯಂ ತಂತಿಗೆ ತಾಮ್ರದ ತಂತಿಯನ್ನು ನೇರವಾಗಿ ಹೆಣೆದು ಮೇಲೆ ಟೇಪ್ ಸುತ್ತಿದ್ದರು. ಅಲ್ಯೂಮಿನಿಯಂ ಗಾಳಿಗೆ ತೆರೆದ ಕೂಡಲೇ ಅದರ ಮೇಲೆ ವಿದ್ಯುತ್ತನ್ನು ಹರಿಯಗೊಡದ ತೆಳುವಾದ ಆಕ್ಸೈಡ್ ಪದರ ಕೂರುತ್ತದೆ. ಮಳೆಗಾಲದ ತೇವ ಸೇರಿದರೆ ಎರಡು ಲೋಹಗಳ ನಡುವೆ ಸಣ್ಣ ಬ್ಯಾಟರಿಯೇ ಹುಟ್ಟಿ ಅಲ್ಯೂಮಿನಿಯಂ ಸವೆಯುತ್ತದೆ. ಬಿಸಿಯಾದಾಗ ತಾಮ್ರಕ್ಕಿಂತ ಅಲ್ಯೂಮಿನಿಯಂ ಹೆಚ್ಚು ಹಿಗ್ಗಿ, ತಣಿದಾಗ ಹೆಚ್ಚು ಕುಗ್ಗಿ ಹೆಣಿಗೆ ಸಡಿಲವಾಗುತ್ತದೆ. ಸಡಿಲವಾದಷ್ಟು ರೋಧ, ರೋಧ ಏರಿದಷ್ಟು ಶಾಖ, ಶಾಖ ಏರಿದಷ್ಟು ಮತ್ತೆ ಸಡಿಲ. ಮಲೆನಾಡಿನ ಎರಡು ಮಳೆಗಾಲ ಇದಕ್ಕೆ ಬೇಕಾದಷ್ಟಾಯಿತು.

ಇಷ್ಟೆಲ್ಲ ಆಗುತ್ತಿದ್ದರೂ 16 ಆಂಪಿಯರಿನ ಎಂ.ಸಿ.ಬಿ. (ಪ್ರವಾಹ ಮಿತಿ ಮೀರಿದರೆ ತಾನೇ ಬಿದ್ದು ಸಂಪರ್ಕ ಕಡಿಯುವ ಸ್ವಿಚ್) ಏಕೆ ಬೀಳಲಿಲ್ಲ ಎಂಬುದು ಮನೆಯ ಹಿರಿಯರ ಪ್ರಶ್ನೆ. ಅದು ನೋಡುವುದು ಪ್ರವಾಹವೊಂದನ್ನೇ. ಸರಣಿಯಲ್ಲಿ ಕೂತ ಕೆಟ್ಟ ಜೋಡಣೆ ಪ್ರವಾಹವನ್ನು ಏರಿಸುವುದಿಲ್ಲ, ಇಳಿಸುತ್ತದೆ. ಜೋಡಣೆ ಕೆಟ್ಟಷ್ಟೂ ಎಂ.ಸಿ.ಬಿ.ಯ ದೃಷ್ಟಿಯಲ್ಲಿ ಮನೆ ಹೆಚ್ಚು ಸುರಕ್ಷಿತ! ಭೂಸೋರಿಕೆಯನ್ನು ಹಿಡಿಯುವ ಸಾಧನಕ್ಕೂ ಇದು ಕಾಣುವುದಿಲ್ಲ, ಹೋದ ಪ್ರವಾಹವೆಲ್ಲ ನ್ಯೂಟ್ರಲಿನಲ್ಲಿಯೇ ಮರಳುತ್ತಿರುವುದರಿಂದ. ಜೋಡಣೆ ಇನ್ನೂ ಕೆಟ್ಟು ಪೂರ್ತಿ ತುಂಡಾಗಿದ್ದರೆ, ದೀಪಗಳೆಲ್ಲ ಆರಿದ್ದರೂ ಮನೆಯೊಳಗಿನ ನ್ಯೂಟ್ರಲ್ ತಂತಿ ಉಪಕರಣಗಳ ಮೂಲಕ ಫೇಸಿಗೆ ಅಂಟಿಕೊಂಡು ಜೀವಂತವಾಗುತ್ತಿತ್ತು. ಕರೆಂಟ್ ಹೋಗಿದೆ ಎಂದುಕೊಂಡು ಅದನ್ನು ಮುಟ್ಟಿದವರ ಗತಿಯನ್ನು ನೆನೆಯುವುದು ಬೇಡ.

ಸರಿಪಡಿಸಿದ ಮೇಲೆ

ಅದೇ ದಿನ ಮೀಟರಿನ ಬಳಿ ವಿದ್ಯುತ್ತನ್ನು ತೆಗೆದು, ಎರಡು ಜೋಡಣೆಗಳನ್ನೂ ಕತ್ತರಿಸಿ, ಅಲ್ಯೂಮಿನಿಯಂ ಮತ್ತು ತಾಮ್ರ ಎರಡನ್ನೂ ಸೇರಿಸಲೆಂದೇ ಮಾಡಿದ ಕನೆಕ್ಟರುಗಳನ್ನು ಹಾಕಿ, ಮರದ ಪೆಟ್ಟಿಗೆಯ ಬದಲು ನೀರು ಒಳಹೋಗದ ಪೆಟ್ಟಿಗೆಯನ್ನು ಕೂರಿಸಲಾಯಿತು. ಪ್ಲಗ್ ಮತ್ತು ಸಾಕೆಟ್ ಹೊಸದಾದವು. ಮರುದಿನ ಬೆಳಗ್ಗೆ, ಹೊರೆಯಿಲ್ಲದ ವೋಲ್ಟೇಜ್ ಮತ್ತೆ 214 ಇದ್ದ ಹೊತ್ತಿನಲ್ಲಿ ಅಳೆದಾಗ ಪ್ರವಾಹ 7.46 ಆಂಪಿಯರ್, ಕಾಯಿಲಿನ ತುದಿಗಳಲ್ಲಿ 197 ವೋಲ್ಟ್, ಸಾಮರ್ಥ್ಯ 1470 ವ್ಯಾಟ್. ನೀರು ಕಾದದ್ದು 43 ನಿಮಿಷದಲ್ಲಿ.

ಮನೆಯವರ ಮುಖದಲ್ಲಿ ನಿರಾಸೆ ಇತ್ತು. ಬೆಂಕಿಯ ಅಪಾಯ ತಪ್ಪಿತು ಎಂಬುದು ಅವರಿಗೆ ಅರ್ಥವಾಗಿತ್ತು. ಆದರೆ ಅವರು ಕೇಳಿದ್ದು ಬಿಸಿನೀರಿನ ಪ್ರಶ್ನೆ, ಮತ್ತು ಅದಕ್ಕೆ ಸಿಕ್ಕಿದ ಉತ್ತರ ನಾಲ್ಕು ನಿಮಿಷ. ನನಗೂ ಮೊದಲ ಗಳಿಗೆಯಲ್ಲಿ ಇರಿಸುಮುರಿಸಾಯಿತು, ಏಕೆಂದರೆ ಜೋಡಣೆ ಸಿಕ್ಕ ಸಂತೋಷದಲ್ಲಿ ಅದರ ಪಾಲನ್ನು ಲೆಕ್ಕ ಹಾಕುವುದನ್ನೇ ಬಿಟ್ಟಿದ್ದೆ. ಅಪಾಯದಲ್ಲಿ ದೊಡ್ಡದಾದದ್ದು ಲೆಕ್ಕದಲ್ಲಿಯೂ ದೊಡ್ಡದಾಗಿರಬೇಕೆಂದಿಲ್ಲ. ಒಟ್ಟು ಸುಮಾರು 30 ಓಮಿನ ದಾರಿಯಲ್ಲಿ ಜೋಡಣೆಯ ಪಾಲು ಒಂದು ಓಮಿಗಿಂತ ಕಡಿಮೆ. ಅದನ್ನು ತೆಗೆದರೆ ಪ್ರವಾಹ ಎಷ್ಟು ತಾನೇ ಏರೀತು?

ಹಾಗಾಗಿ 2000 ಮತ್ತು 1361ರ ನಡುವಿನ ಕೊರತೆಯನ್ನು ಮತ್ತೆ ಹಂಚಿ ನೋಡಿದೆ. ಮನೆಯ ಎಲ್ಲ ತಂತಿ, ಜೋಡಣೆ, ಪ್ಲಗ್ಗುಗಳಿಗೂ ರೋಧವೇ ಇಲ್ಲವೆಂದು ಇಟ್ಟುಕೊಂಡರೂ, ಸರಬರಾಜು ಹೊರೆಯಿಲ್ಲದೆ 214 ವೋಲ್ಟ್ ಇರುವ ತನಕ, ಮತ್ತು ಟ್ರಾನ್ಸ್‌ಫಾರ್ಮರಿನಿಂದ ಮೀಟರಿನವರೆಗಿನ ದಾರಿಯಲ್ಲಿ 0.7 ಓಮ್ ಇರುವ ತನಕ, ಗೀಸರಿಗೆ 1646 ವ್ಯಾಟಿಗಿಂತ ಹೆಚ್ಚು ಸಿಗುವಂತಿರಲಿಲ್ಲ. (ಈ 0.7 ಓಮ್ ಕೂಡ ಅದೇ ಅಳತೆಯಿಂದ ಬಂದದ್ದು: ಗೀಸರ್ ಹಾಕಿದಾಗ ಮೀಟರಿನ ಬಳಿ ಬಿದ್ದ 5 ವೋಲ್ಟನ್ನು 7.18ರಿಂದ ಭಾಗಿಸಿದ್ದು.) ಅಂದರೆ 639 ವ್ಯಾಟಿನ ಕೊರತೆಯಲ್ಲಿ 354 ಮೀಟರಿನ ಆಚೆಯದು, 285 ಈಚೆಯದು. ಈಚೆಯದರಲ್ಲಿ ಅತಿ ದೊಡ್ಡ ಪಾಲು ಜೋಡಣೆಯದಲ್ಲ, ಉದ್ದನೆಯ ತೆಳು ತಂತಿಯದು.

ಆಚೆಯದಕ್ಕೆ ಮಾಡಬಹುದಾಗಿದ್ದದ್ದು ಅರ್ಜಿ ಕೊಡುವುದೊಂದೇ. ಘೋಷಿತ ವೋಲ್ಟೇಜಿಗಿಂತ ಶೇಕಡಾ 6ಕ್ಕಿಂತ ಹೆಚ್ಚು ವ್ಯತ್ಯಾಸ ಆಗಬಾರದೆಂದು ಮನೆಬಳಕೆಯ ಸರಬರಾಜಿಗೆ 1956ರ ಭಾರತೀಯ ವಿದ್ಯುತ್ ನಿಯಮಗಳಲ್ಲಿ ಮಿತಿ ಹಾಕಲಾಗಿತ್ತು. 230ಕ್ಕೆ ಅದು 216.2 ವೋಲ್ಟ್. ಏಳು ದಿನ ಬೆಳಗ್ಗೆ ಆರೂವರೆಗೂ ಮಧ್ಯಾಹ್ನ ಎರಡಕ್ಕೂ ಅಳೆದು, ಬೆಳಗಿನ ಅಂಕಿಗಳು ಈ ಮಿತಿಯ ಕೆಳಗೂ ಮಧ್ಯಾಹ್ನದವು ಮೇಲೂ ಇರುವುದನ್ನು ತೋರಿಸುವ ಒಂದು ಹಾಳೆಯನ್ನು ಮನೆಯವರು ಶಾಖಾ ಕಚೇರಿಗೆ ಕೊಟ್ಟರು. ‘ವೋಲ್ಟೇಜ್ ಸರಿ ಬರುವುದಿಲ್ಲ’ ಎಂಬ ಮಾತಿಗೆ ಅಲ್ಲಿ ಯಾರೂ ತಲೆ ಎತ್ತುವುದಿಲ್ಲ. ಹೊತ್ತು, ವೋಲ್ಟ್, ಆಂಪಿಯರ್ ಬರೆದ ಹಾಳೆಗೆ ಎತ್ತಿದರು. ಬಂದು ನೋಡಿದಾಗ ಆ ಸಾಲಿನ ಹೆಚ್ಚಿನ ಮನೆಗಳು ಒಂದೇ ಫೇಸಿನ ಮೇಲಿದ್ದವು. ಮೂರು ವಾರದ ನಂತರ ಈ ಮನೆಯೂ ಸೇರಿದಂತೆ ಕೆಲವನ್ನು ಹೊರೆ ಕಡಿಮೆ ಇರುವ ಇನ್ನೊಂದು ಫೇಸಿಗೆ ಬದಲಿಸಿದರು.

ಈಗ ಬೆಳಗಿನ ಹೊತ್ತು ಹೊರೆಯಿಲ್ಲದೆ 226 ವೋಲ್ಟ್ ಇರುತ್ತದೆ. ಗೀಸರ್ ಹಾಕಿದಾಗ ಪ್ರವಾಹ 7.88 ಆಂಪಿಯರ್, ಕಾಯಿಲಿನ ತುದಿಗಳಲ್ಲಿ 208 ವೋಲ್ಟ್, ಸಾಮರ್ಥ್ಯ 1639 ವ್ಯಾಟ್. ನೀರು 39 ನಿಮಿಷದಲ್ಲಿ ಸಿದ್ಧ. ಪ್ರವಾಹ ಮೊದಲಿಗಿಂತ ಹೆಚ್ಚಿದ್ದರೂ ಪ್ಲಗ್ ತಣ್ಣಗಿದೆ ಎಂಬುದನ್ನು ರಿಪೇರಿಯವರಿಗೆ ಕೈಯಿಂದಲೇ ಮುಟ್ಟಿಸಿ ತೋರಿಸಿದೆವು.

ತಂತಿಯ ಪ್ರಶ್ನೆ

ಉಳಿದದ್ದು ತೋಟದ ನಡುವಿನ ಅಲ್ಯೂಮಿನಿಯಂ ತಂತಿ. ಅದರ 1.36 ಓಮಿನಲ್ಲಿ ಈಗ ಸುಮಾರು 84 ವ್ಯಾಟ್ ವ್ಯರ್ಥವಾಗುತ್ತಿದೆ. ದೂರದ ಊರಿಗೆ ವಿದ್ಯುತ್ತನ್ನು ಕಳಿಸುವವರು ಇಂಥ ನಷ್ಟವನ್ನು ವೋಲ್ಟೇಜ್ ಏರಿಸಿ ತಪ್ಪಿಸುತ್ತಾರೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಸುಮಾರು 147 ಕಿಲೋಮೀಟರ್ ದೂರ ವಿದ್ಯುತ್ತನ್ನು ಕಳಿಸಲು 35,000 ವೋಲ್ಟ್ ಬಳಸಿದ್ದು ಇದೇ ಲೆಕ್ಕದಿಂದ. ಅದೇ ಸಾಮರ್ಥ್ಯಕ್ಕೆ ವೋಲ್ಟೇಜ್ ನೂರು ಪಟ್ಟಾದರೆ ಪ್ರವಾಹ ನೂರರಲ್ಲಿ ಒಂದು ಪಾಲು, ನಷ್ಟ ಹತ್ತು ಸಾವಿರದಲ್ಲಿ ಒಂದು ಪಾಲು. ಮನೆಯ ಮೀಟರಿನ ಈಚೆಗೆ ಆ ದಾರಿ ಇಲ್ಲ. ಇಲ್ಲಿ ಉಳಿದಿರುವುದು ತಂತಿಯನ್ನು ದಪ್ಪ ಮಾಡುವುದು.

16 ಚದರ ಮಿಲಿಮೀಟರಿನ ಅಲ್ಯೂಮಿನಿಯಂ ತಂತಿಗೆ ಕಿಲೋಮೀಟರಿಗೆ 1.91 ಓಮ್, 180 ಮೀಟರಿಗೆ 0.34 ಓಮ್. ಅದನ್ನು ಹಾಕಿದರೆ ಗೀಸರಿನ ಸಾಮರ್ಥ್ಯ ಸುಮಾರು 1760 ವ್ಯಾಟಿಗೆ ಏರಿ, ಎರಡೂವರೆ ನಿಮಿಷ ಉಳಿಯುತ್ತದೆ. ವಿದ್ಯುತ್ತಿನ ಉಳಿತಾಯವೆಂದು ನೋಡಿದರೆ, ಈಗಿನ ತಂತಿಯಲ್ಲಿ ಗೀಸರಿನ ಹೊತ್ತಿನಲ್ಲಿ ನಷ್ಟವಾಗುವುದು ವರ್ಷಕ್ಕೆ 20 ಯೂನಿಟ್ಟಿನೊಳಗೆ. ಅಷ್ಟಕ್ಕಾಗಿ ತೊಂಬತ್ತು ಮೀಟರ್ ದಪ್ಪ ತಂತಿ ಕೊಳ್ಳಿ ಎಂದು ಹೇಳಲು ನನಗೆ ಮನಸ್ಸು ಬರಲಿಲ್ಲ, ಮನೆಯವರೂ ಒತ್ತಾಯಿಸಲಿಲ್ಲ.

ಆದರೆ ಬರುವ ಬೇಸಿಗೆಗೆ ಮನೆಯ ಪಕ್ಕದ ಬಾವಿಗೆ ಒಂದು ಅಶ್ವಶಕ್ತಿಯ ಪಂಪ್ ಕೂರಿಸುವ ಮಾತು ನಡೆದಿದೆ. ಅದು ಓಡುವಾಗ ಆರೇಳು ಆಂಪಿಯರ್ ಸಾಕು. ಹೊರಡುವ ಗಳಿಗೆಯಲ್ಲಿ 30 ಆಂಪಿಯರ್ ಎಳೆಯಿತೆಂದರೆ ಈಗಿನ ತಂತಿಯೊಂದರಲ್ಲಿಯೇ 41 ವೋಲ್ಟ್ ಬೀಳುತ್ತದೆ, ಮೀಟರಿನ ಆಚೆ ಇನ್ನೂ 21. ಉಳಿದ 160 ಚಿಲ್ಲರೆ ವೋಲ್ಟಿನಲ್ಲಿ ಮೋಟಾರ್ ತಿರುಗದೆ ಗುಂಯ್‌ಗುಟ್ಟುತ್ತ ನಿಂತರೆ, ರಿಪೇರಿಯವರು ಗೀಸರಿಗೆ ಹೇಳಿದ ಮಾತು ಆಗ ಪಂಪಿಗೆ ನಿಜವಾಗುತ್ತದೆ. ಆದ್ದರಿಂದ ಪಂಪ್ ತರುವ ಮೊದಲು ತಂತಿ ಬದಲಿಸಬೇಕೆಂದು ಅಳತೆಯ ಹಾಳೆಯ ಕೊನೆಯಲ್ಲಿ ಬರೆದು, ದಿನಾಂಕ ಹಾಕಿ, ಮೀಟರ್ ಬೋರ್ಡಿನ ಬಾಗಿಲ ಒಳಬದಿಗೆ ಅಂಟಿಸಿ ಬಂದೆ.